ಹಾಡಿಗೊಂದು ಅಂಕಿತ

(ದಾವಣಗೆರೆಯಲ್ಲಿ ಜಾನಪದ ಕಲಾವಿದರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಚಿತ್ರದುರ್ಗ, ಚಳ್ಳಕೆರೆ ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿರುವ ಕಲಾವಿದ ಬಂಧುಗಳಿಗೆ, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿರುವ ವಿದ್ಯಾರ್ಥಿಗಳಿಗೆ, ಎಲ್ಲರಿಗೂ ಶರಣು ಶರಣಾರ್ಥಿ. ಮೊಬೈಲ್ ಒಳಗಿಡಿ ಅಂತ ನಾನು ಹೇಳುವುದಿಲ್ಲ. ನನಗೆ ಕೊಟ್ಟಿರುವ ವಿಷಯ ಅದರೊಳಗೇ ಇದೆ.

ಆಹ್ವಾನ ಪತ್ರಿಕೆಯಲ್ಲಿ ‘ಹೊಸ ತಂತ್ರಜ್ಞಾನ, ಹೊಸ ಅಭಿರುಚಿ ಮತ್ತು ಸಂಗೀತೋದ್ಯಮದ ನಾಳೆ’ ಅಂತ ಅಚ್ಚು ಹಾಕಿಸಿದ್ದಾರೆ. ನನ್ನ ಹೆಸರಿನ ಕೆಳಗೆ ‘ಚಿಂತಕರು’ ಅಂತಲೂ ಸೇರಿಸಿದ್ದಾರೆ. ಅದನ್ನು ದಯವಿಟ್ಟು ಹೊಡೆದುಹಾಕಿಕೊಂಡು ಓದಿ. ನಾನು ಮಂಡಿಪೇಟೆಯ ಹತ್ತಿರ ಇಪ್ಪತ್ತೆರಡು ವರ್ಷ ಕ್ಯಾಸೆಟ್ ಅಂಗಡಿ ಇಟ್ಟವನು. ಆಮೇಲೆ ಅದೇ ಅಂಗಡಿಯ ಹಿಂದಿನ ಕೋಣೆಯ ಗೋಡೆಗೆ ಮೊಟ್ಟೆ ಟ್ರೇ ಹೊಡೆದು ‘ರೆಕಾರ್ಡಿಂಗ್ ಸ್ಟುಡಿಯೊ’ ಅಂತ ಬೋರ್ಡ್ ತೂಗಿಹಾಕಿದವನು. ನಾಳೆಯ ಶಾಸ್ತ್ರ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ‘ಇನ್ನು ಹಾಡಿನ ವ್ಯಾಪಾರ ಮುಗೀತು’ ಅನ್ನುವ ಮಾತನ್ನು ನಾಲ್ಕು ಸಲ ಕೇಳಿದ್ದೇನೆ. ಈಗ ಕೇಳುತ್ತಿರುವುದು ಐದನೆಯ ಸಲ.

ಒಂದು ಹಳೆಯ ಸಂಗತಿಯಿಂದ ಶುರು ಮಾಡುತ್ತೇನೆ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಅನ್ನುವವನು ಲಂಡನ್ನಿನ ಗ್ರಾಮೊಫೋನ್ ಕಂಪನಿಯ ಪರವಾಗಿ ಯಂತ್ರ ಹೊತ್ತುಕೊಂಡು ಕಲ್ಕತ್ತೆಗೆ ಬಂದ. ಅವನ ಕಹಳೆಯ ಮುಂದೆ ಕೂತು ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ರಾತ್ರಿಯಿಡೀ ಒಂದು ರಾಗ ಹಾಡಬಲ್ಲ ಹೆಂಗಸಿಗೆ ಆ ಯಂತ್ರ ಕೊಟ್ಟದ್ದು ಸುಮಾರು ಮೂರು ನಿಮಿಷ. ಆ ಮೂರು ನಿಮಿಷದ ಕೊನೆಯಲ್ಲೂ ಒಂದೆರಡು ಸೆಕೆಂಡು ಉಳಿಸಿಕೊಂಡು ಅವರು ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಅನ್ನುತ್ತಿದ್ದರು. ಹಳೇ ಪ್ಲೇಟಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನಾನು ‘ಎಷ್ಟು ಜಂಬ ನೋಡಪ್ಪ ಈಯಮ್ಮಂಗೆ’ ಅಂದುಕೊಂಡಿದ್ದೆ. ಕಾರಣ ಬೇರೆಯೇ ಇತ್ತು. ಇಲ್ಲಿ ಹಾಡಿದ್ದು ಅಚ್ಚಾಗಬೇಕಾದರೆ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು. ಅಲ್ಲಿನ ಕಾರ್ಖಾನೆಯವನಿಗೆ ಠುಮ್ರಿಯೂ ಒಂದೇ, ಲಾವಣಿಯೂ ಒಂದೇ. ಯಾವ ಪ್ಲೇಟಿಗೆ ಯಾರ ಚೀಟಿ ಅಂಟಿಸಬೇಕು ಅಂತ ಅವನಿಗೆ ಗೊತ್ತಾಗಲಿ ಎಂದು ಹಾಡಿದವರೇ ಹೆಸರು ಹೇಳುತ್ತಿದ್ದರು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಮಾತ್ರ ಪ್ಲೇಟಿನಲ್ಲಿ ಉಳಿದಿದೆ, ಅವರದೇ ಗಂಟಲಲ್ಲಿ.

ಹಾಡಿನ ತುದಿಗೆ ಹೆಸರು ಕಟ್ಟುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಕೂಡಲಸಂಗಮದೇವ ಅಂದರೆ ಬಸವಣ್ಣ. ಮಠದ ಅಂಗಳದಲ್ಲಿ ಬೆಳೆದ ಮಗುವಿಗೂ ಇದು ಗೊತ್ತು. ತಾಳೆಗರಿ ಸುಟ್ಟರೂ, ಪ್ರತಿ ಮಾಡಿದವನು ತಪ್ಪು ಮಾಡಿದರೂ, ವಚನ ಯಾರದು ಅಂತ ಕೊನೆಯ ಸಾಲು ಹೇಳುತ್ತದೆ. ಇದಕ್ಕೇ ಈಗಿನ ಹುಡುಗರು ಮೆಟಾಡೇಟಾ ಅನ್ನುತ್ತಾರೆ. ಇವತ್ತು ಜಗತ್ತಿನಲ್ಲಿ ಬಿಡುಗಡೆಯಾಗುವ ಧ್ವನಿಮುದ್ರಣಗಳಿಗೆ ಹನ್ನೆರಡು ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಅನ್ನುವ ಗುರುತು ಕೊಡುತ್ತಾರೆ. ಆ ಗುರುತು ಇದ್ದರೆ ದುಡ್ಡು ದಾರಿ ಹುಡುಕಿಕೊಂಡು ಬರುತ್ತದೆ. ಇಲ್ಲದಿದ್ದರೆ ಹಾಡು ಊರೂರು ತಿರುಗುತ್ತದೆ, ಹಾಡಿದವರು ಮನೆಯಲ್ಲೇ ಇರುತ್ತಾರೆ.

ಆದರೆ ನಮ್ಮ ಸೋಬಾನೆಗೆ, ಬೀಸುಕಲ್ಲಿನ ಪದಕ್ಕೆ ಅಂಕಿತ ಇಲ್ಲ. ಯಾಕಿಲ್ಲ ಅಂತ ಬಹಳ ವರ್ಷ ಯೋಚಿಸಿದ್ದೇನೆ. ಬೇಕಾಗಿರಲಿಲ್ಲ, ಅಷ್ಟೇ. ಹಾಡುವವರೂ ಕೇಳುವವರೂ ಒಂದೇ ಪಡಸಾಲೆಯಲ್ಲಿ ಕೂತಿದ್ದಾಗ ಯಾರು ಹಾಡಿದರು ಅಂತ ಯಾರಿಗೆ ಹೇಳಬೇಕು? ಹಾಡು ಊರು ಬಿಟ್ಟ ದಿನದಿಂದ ಹೆಸರಿನ ಅಗತ್ಯ ಹುಟ್ಟುತ್ತದೆ. ಊರು ಬಿಡಿಸಿದವರಲ್ಲಿ ನಾನೂ ಒಬ್ಬ. ಅದನ್ನು ಹೇಳಿಕೊಳ್ಳುವುದಕ್ಕೇ ಇವತ್ತು ಬಂದಿರುವುದು ಅಂದರೂ ತಪ್ಪಿಲ್ಲ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲೇ ಹೊರತಂದಿತ್ತು. ನಮ್ಮೂರಿಗೆ ಅದರ ಸುಗ್ಗಿ ಬಂದದ್ದು ಎಂಬತ್ತರ ದಶಕದಲ್ಲಿ. ಹತ್ತಿ ಗಿರಣಿಯ ಬೋನಸ್ ಬಂತೆಂದರೆ ಟೇಪ್ ರೆಕಾರ್ಡರ್, ಟೇಪ್ ರೆಕಾರ್ಡರ್ ಬಂತೆಂದರೆ ನನ್ನ ಅಂಗಡಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಿತ್ತಲ್ಲ, ಆಮೇಲೆ ಭಾವಗೀತೆಗೂ ಗಿರಾಕಿ ಹುಟ್ಟಿಕೊಂಡಿದ್ದರು. ಆದರೆ ಅಸಲು ವ್ಯಾಪಾರ ಖಾಲಿ ಕ್ಯಾಸೆಟ್ಟಿನದು. ಗಿರಾಕಿ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ತರುತ್ತಿದ್ದ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಹನ್ನೆರಡು, ಹದಿಮೂರು ಹಾಡು. ಸಂಜೆ ಕೊಟ್ಟರೆ ಮರುದಿನ ಬೆಳಿಗ್ಗೆ ರೆಡಿ. ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ಒಂದು ಪೈಸೆ ಹೋಗುತ್ತಿರಲಿಲ್ಲ. ಕಳ್ಳತನ ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಮನೆಯಲ್ಲಿ ಮೂರು ಮಕ್ಕಳಿದ್ದರು ಅನ್ನುವುದೂ ಗೊತ್ತಿತ್ತು.

ಅದೇ ಕ್ಯಾಸೆಟ್ಟು ಇನ್ನೊಂದು ಬಾಗಿಲು ತೆಗೆಯಿತು. ಪ್ಲೇಟಿನ ಕಾಲದಲ್ಲಿ ಧ್ವನಿ ಅಚ್ಚಾಗಬೇಕಾದರೆ ದೊಡ್ಡ ಕಂಪನಿ ಕರೆಯಬೇಕಿತ್ತು. ಕ್ಯಾಸೆಟ್ ಬಂದ ಮೇಲೆ ಎರಡು ಡೆಕ್ಕು, ಒಂದು ಮೈಕು ಇದ್ದವನೂ ಕಂಪನಿಯೇ. ನಾಯಕನಹಟ್ಟಿ ಜಾತ್ರೆಯ ಪದ, ಭಜನೆ ಮೇಳ, ತತ್ವಪದ, ನಾಟಕ ಕಂಪನಿಯ ಹಾಸ್ಯ ಎಲ್ಲ ಕ್ಯಾಸೆಟ್ಟಾದವು. ಮಂಡಕ್ಕಿ ಭಟ್ಟಿಯ ಹುಡುಗರು ರಾತ್ರಿಪಾಳಿಯಲ್ಲಿ ಅವನ್ನೇ ಕೇಳುತ್ತಿದ್ದರು.

ಆ ಹುರುಪಿನಲ್ಲಿ ನಾನೂ ಒಂದು ಕ್ಯಾಸೆಟ್ ಮಾಡಲು ಹೊರಟೆ. ಚಳ್ಳಕೆರೆ ಸೀಮೆಯ ಒಂದು ಹಟ್ಟಿಯಲ್ಲಿ ಒಬ್ಬ ಅಜ್ಜಿ ಚೆನ್ನಾಗಿ ಹಾಡುತ್ತಾರೆ ಅಂತ ಪರಿಚಯದವರೊಬ್ಬರು ಹೇಳಿದರು. ಟೇಪ್ ರೆಕಾರ್ಡರು, ಎಂಟು ಸೆಲ್ಲು, ಎರಡು ಖಾಲಿ ಕ್ಯಾಸೆಟ್ಟು ಚೀಲಕ್ಕೆ ಹಾಕಿಕೊಂಡು ಹೋದೆ. ಅಜ್ಜಿ ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಎರಡು ತಾಸು ಸೋಬಾನೆ ಹೇಳಿದರು. ನಡುವೆ ಒಂದು ನಾಯಿ ಬೊಗಳಿತು. ಬೊಗಳುವುದು ನಿಲ್ಲಲಿ ಅಂತ ನಾನು ಕೈ ಮಾಡಿದರೆ ಅಜ್ಜಿ ನಿಲ್ಲಿಸಲಿಲ್ಲ, ಅದರ ಮೇಲೇ ಹಾಡಿಕೊಂಡು ಹೋದರು. ಕೊನೆಗೆ ‘ಸಾಕು ಬುಡಪ್ಪ, ಕುರಿ ಬಂದ್ವು’ ಅಂತ ಎದ್ದರು. ಅದೂ ಟೇಪಿನಲ್ಲಿದೆ. ಒಂದು ಸೀರೆ, ಐವತ್ತು ರೂಪಾಯಿ ಕೊಟ್ಟೆ. ಭಾರಿ ಉದಾರಿ ಅಂತ ನನ್ನ ಬಗ್ಗೆ ನನಗೇ ಅನ್ನಿಸಿತ್ತು.

ಕ್ಯಾಸೆಟ್ಟಿನ ಹೊದಿಕೆಗೆ ಕ್ಯಾಲೆಂಡರಿನಿಂದ ಕೊಡ ಹೊತ್ತ ಹುಡುಗಿಯ ಚಿತ್ರ ಕತ್ತರಿಸಿ ಹಾಕಿಸಿದೆ. ಮೇಲೆ ‘ಅಪರೂಪದ ಜಾನಪದ ಗೀತೆಗಳು’. ಕೆಳಗೆ ದಪ್ಪಕ್ಷರದಲ್ಲಿ ನನ್ನ ಅಂಗಡಿಯ ಹೆಸರು, ಫೋನ್ ನಂಬರು. ಹಾಡಿದವರ ಹೆಸರು ಎಲ್ಲೂ ಇಲ್ಲ. ಬಿಟ್ಟುಹೋಯಿತು ಅನ್ನುವಂತೆಯೂ ಇಲ್ಲ, ಯಾಕೆಂದರೆ ನಾನು ಕೇಳಿಯೇ ಇರಲಿಲ್ಲ. ‘ಅಜ್ಜಿ’ ಅಂದೆ, ‘ಏನಪ್ಪ’ ಅಂದರು, ಕೆಲಸ ನಡೆಯಿತು.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯೂ ನಡೆದಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ವಿದ್ವಾಂಸ ಕೃಷ್ಣಮೂರ್ತಿ ಹನೂರರು ವರ್ಷಗಟ್ಟಲೆ ಕೂತು ಸಂಗ್ರಹಿಸಿದರು. ಹಾಡಿನ ಜೊತೆ ಹಾಡುಗಾರ್ತಿಯ ಹೆಸರೂ ಬಂತು, ಬದುಕೂ ಬಂತು. ಓದು ಬರಹ ಬಾರದ ಆ ತಾಯಿ ಮುಂದೆ ನಾಡೋಜ ಸಿರಿಯಜ್ಜಿ ಆದರು. ಹನೂರರೂ ಹಾಡು ಊರು ಬಿಡಿಸಿದವರೇ, ನಾನೂ ಬಿಡಿಸಿದವನೇ. ಕೈಯಲ್ಲಿದ್ದ ಯಂತ್ರವೂ ಹೆಚ್ಚುಕಡಿಮೆ ಒಂದೇ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ನೀವೇ ಕಂಡದ್ದು. ಸಿಡಿ ಬಂತು, ಎಂಪಿತ್ರೀ ಬಂತು. ಒಂದು ಸಿಡಿಯಲ್ಲಿ ನೂರೈವತ್ತು ಹಾಡು ಅಂದಾಗ ಅಂಗಡಿಯ ಗೋಡೆ ತುಂಬಾ ಜೋಡಿಸಿದ್ದ ಕ್ಯಾಸೆಟ್ಟು ಗುಜರಿಗೆ ಹೋದವು. ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕೆಲಸ. ಅದೂ ನಮ್ಮ ಹಳೇ ಚೀಟಿ ವ್ಯಾಪಾರವೇ, ಚೀಟಿ ಇಲ್ಲದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಕಾರ್ಡು ತುಂಬಿಸುವ ಅಂಗಡಿಗಳು ಒಂದೆರಡು ವರ್ಷದಲ್ಲಿ ಮೊಬೈಲ್ ಕವರ್ ಮಾರತೊಡಗಿದವು. ನಾನು ಸ್ಟುಡಿಯೊ ಕಡೆ ಸರಿದೆ.

ಸ್ಟುಡಿಯೊದಲ್ಲಿ ನಾನು ಮೊದಲು ಕಂಡ ಮಾಯೆ ಆಟೋಟ್ಯೂನ್. ಶ್ರುತಿ ತಪ್ಪಿ ಹಾಡಿದರೂ ಸರಿಯಾದ ಸ್ವರಕ್ಕೆ ಎಳೆದು ಕೂರಿಸುವ ತಂತ್ರಾಂಶ. 1997ರಲ್ಲಿ ಅದನ್ನು ತಂದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ಹುಡುಕುವ ಕೆಲಸದಲ್ಲಿದ್ದವನು. ಭೂಮಿಯೊಳಕ್ಕೆ ಕಂಪನ ಕಳಿಸಿ, ಮರಳಿ ಬಂದ ಅಲೆಯನ್ನು ಲೆಕ್ಕ ಹಾಕಿ ಎಣ್ಣೆ ಎಲ್ಲಿದೆ ಅಂತ ಹೇಳುವ ಗಣಿತವನ್ನೇ ಮನುಷ್ಯರ ಗಂಟಲಿಗೆ ಹಾಕಿದ. ನಮ್ಮ ಕಡೆ ತೆಂಗಿನಕಾಯಿ ಅಂಗೈಲಿಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸುವವರಿದ್ದಾರಲ್ಲ, ಅವರೊಬ್ಬರು ಸಂಗೀತ ಮೇಷ್ಟ್ರಾದ ಹಾಗೆ. ನಗಬೇಡಿ, ನಾನು ಆ ತಂತ್ರಾಂಶದಿಂದ ಅನ್ನ ಉಂಡಿದ್ದೇನೆ.

ಒಮ್ಮೆ ಕಾಡುಗೊಲ್ಲರ ಗಣೆ ಊದುವವರೊಬ್ಬರು ಬಂದಿದ್ದರು. ಗೊತ್ತಿಲ್ಲದ ಹುಡುಗರಿಗೆ ಹೇಳುತ್ತೇನೆ: ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು, ಜುಂಜಪ್ಪನ ಕಾವ್ಯ ಹಾಡುವಾಗ ಜೊತೆಗಿರುವಂಥದ್ದು. ಅವರ ಸ್ವರ ನನ್ನ ಕೀಬೋರ್ಡಿನ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುತ್ತಿತ್ತು. ನನ್ನ ಬಳಿ ಕೆಲಸಕ್ಕಿದ್ದ ಹುಡುಗ ಅಭ್ಯಾಸಬಲದಿಂದ ಅದನ್ನು ಹನ್ನೆರಡು ಮನೆಗೆ ಕೂರಿಸಿಬಿಟ್ಟ. ಕೇಳಿಸಿದಾಗ ಆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ಯಾರು ಊದಿರಾದು?’ ಅಂತ ಕೇಳಿದರು.

ಯಂತ್ರ ಬೈಯುವುದಕ್ಕೆ ಈ ಕಥೆ ಹೇಳಲಿಲ್ಲ. ಕಾಲು ಹಾರ್ಮೋನಿಯಂ ಇಲ್ಲದ ನಾಟಕ ಕಂಪನಿಯನ್ನು ಈ ಊರಿನವರು ಊಹಿಸಿಕೊಳ್ಳಿ ನೋಡೋಣ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಹುಟ್ಟಿದ ಊರಿದು. ಹಾರ್ಮೋನಿಯಂ ಫ್ರಾನ್ಸಿನಿಂದ ಬಂದ ಪೆಟ್ಟಿಗೆ. ಗಮಕ ನುಡಿಸಲು ಬರುವುದಿಲ್ಲ, ಶ್ರುತಿ ನಮ್ಮದಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೂ ಆ ನಿಷೇಧ ಇತ್ತು. ಆ ಮೂವತ್ತು ವರ್ಷವೂ ನಮ್ಮ ರಂಗದ ಮಾಸ್ತರರು ಪೆಡಲ್ ತುಳಿಯುತ್ತಲೇ ಇದ್ದರು. ಇವತ್ತು ಯಾರಾದರೂ ಹಾರ್ಮೋನಿಯಂ ಪರದೇಶಿ ಅಂದರೆ ನಾವೇ ಜಗಳಕ್ಕೆ ನಿಲ್ಲುತ್ತೇವೆ. ಹೊಸ ವಾದ್ಯ ಬಂದಾಗಲೆಲ್ಲ ಬೈದವರು ಸೋತಿದ್ದಾರೆ. ಕಲಿತವರು ಬದುಕಿದ್ದಾರೆ. ನನ್ನ ಚಿಂತೆ ಲೆಕ್ಕದ ಪುಸ್ತಕದ್ದು.

ಆ ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಮೊಬೈಲಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂತು, ಅಷ್ಟು ಹೊತ್ತಿಗೆ ಗಾನಾ, ಸಾವನ್ ಇದ್ದವು. ಇಂಥ ಕಡೆ ನೀವು ತಿಂಗಳಿಗೆ ಕೊಡುವ ದುಡ್ಡು ನೀವು ಕೇಳಿದ ಹಾಡುಗಾರರಿಗೇ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಿಲ್ಲ. ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಕಂಪನಿ ತನ್ನ ಪಾಲು ತೆಗೆದ ಮೇಲೆ ಉಳಿದದ್ದನ್ನು ಒಟ್ಟು ಎಷ್ಟು ಸಲ ಯಾರ ಹಾಡು ಓಡಿತು ಅನ್ನುವ ಲೆಕ್ಕದಲ್ಲಿ ಹಂಚುತ್ತಾರೆ. ನೀವು ತಿಂಗಳಿಡೀ ತತ್ವಪದ ಮಾತ್ರ ಕೇಳಿದ್ದರೂ ನಿಮ್ಮ ದುಡ್ಡಿನ ಬಹುಪಾಲು ಮುಂಬೈಯ ಸಿನಿಮಾ ಹಾಡಿಗೆ ಹೋಗಬಹುದು. ಹಾಡು ಮೂವತ್ತು ಸೆಕೆಂಡು ಓಡಿದರೆ ಒಂದು ಎಣಿಕೆ, ಇಪ್ಪತ್ತೊಂಬತ್ತಕ್ಕೆ ನಿಲ್ಲಿಸಿದರೆ ಸೊನ್ನೆ. ಸಾಲದ್ದಕ್ಕೆ 2024ರಿಂದ ಸ್ಪಾಟಿಫೈಯಲ್ಲಿ ಇನ್ನೊಂದು ನಿಯಮ: ಹನ್ನೆರಡು ತಿಂಗಳಲ್ಲಿ 1,000 ಸಲ ಓಡದ ಹಾಡಿಗೆ ಆ ಧ್ವನಿಮುದ್ರಣದ ಪಾಲು ಏನೂ ಇಲ್ಲ. ನಮ್ಮ ಉರುಮೆಯ ಮೇಳದ ಹಾಡು ವರ್ಷಕ್ಕೆ 900 ಸಲ ಓಡಿತು ಅನ್ನಿ. ಒಂಬೈನೂರು ಜನ ಕೇಳಿದ ಕಛೇರಿ ನಮ್ಮ ಕಡೆ ಸಣ್ಣದಲ್ಲ. ಅಲ್ಲಿ ಅದು ಲೆಕ್ಕಕ್ಕಿಲ್ಲ.

ಮೂವತ್ತು ಸೆಕೆಂಡಿನ ಈ ಗೆರೆ ಹಾಡಿನ ಆಕಾರವನ್ನೇ ಬದಲಾಯಿಸಿದೆ. ನನ್ನ ಸ್ಟುಡಿಯೊಕ್ಕೆ ಬರುವ ಹುಡುಗರು ‘ಸರ್, ಇಂಟ್ರೋ ಬೇಡ, ಸೀದಾ ಹುಕ್ ಬರ್ಲಿ’ ಅನ್ನುತ್ತಾರೆ. ಹುಕ್ ಅಂದರೆ ಕೇಳಿದ ಕೂಡಲೇ ಬಾಯಿಗೆ ಅಂಟುವ ಸಾಲು. ರೀಲ್ಸಿಗೆ ಕತ್ತರಿಸಲು ಹದಿನೈದು ಸೆಕೆಂಡಿನ ತುಂಡು ಸಿಕ್ಕರೆ ಮುಗಿಯಿತು, ಚರಣ ಯಾರಿಗೂ ಬೇಡ. ಗೌಹರ್ ಜಾನ್ ರಾತ್ರಿಯ ರಾಗವನ್ನು ಮೂರು ನಿಮಿಷಕ್ಕೆ ಮಡಿಚಿದ್ದರಲ್ಲ, ಆ ಮಡಿಕೆಯನ್ನು ಇವರು ಇನ್ನೂ ಹನ್ನೆರಡು ಸಲ ಮಡಿಚಿದ್ದಾರೆ. ನನಗೆ ಇದರಲ್ಲಿ ಅಂಥ ಸಿಟ್ಟಿಲ್ಲ. ಉತ್ತರ ಕರ್ನಾಟಕದ ಹುಡುಗರು ಇದೇ ಯೂಟ್ಯೂಬಿನಲ್ಲಿ, ತಮ್ಮದೇ ಭಾಷೆಯಲ್ಲಿ, ಟ್ರ್ಯಾಕ್ಟರಿನ ಮೇಲೆ ಓಡುವ ಜಾನಪದ ಶೈಲಿಯ ಹಾಡು ಕಟ್ಟಿ ಬೆಂಗಳೂರಿನ ಯಾವ ಕಂಪನಿಯನ್ನೂ ಕೇಳದೆ ಲಕ್ಷಗಟ್ಟಲೆ ಜನರನ್ನು ತಲುಪಿದ್ದಾರೆ. ಬಯಲುಸೀಮೆಯ ನಮ್ಮ ಮಾತು ಮಾತ್ರ ಅಲ್ಲಿ ಕಡಿಮೆ. ನಮ್ಮ ಹುಡುಗರು ಹಾಡು ಬರೆದರೂ ಒಂದೋ ಧಾರವಾಡದವರಂತೆ ಬರೆಯುತ್ತಾರೆ, ಇಲ್ಲ ಬೆಂಗಳೂರಿನವರಂತೆ. ‘ಸಾಕು ಬುಡಪ್ಪ’ ಅನ್ನಲು ಅವರಿಗೆ ನಾಚಿಕೆ.

ಈಗ ಎಲ್ಲರೂ ಕಾಯುತ್ತಿರುವ ಭಾಗಕ್ಕೆ, ಕೃತಕ ಬುದ್ಧಿಮತ್ತೆ ಅನ್ನುವ ಯಂತ್ರಕ್ಕೆ ಬರುತ್ತೇನೆ. ಕಳೆದ ವರ್ಷ ನನ್ನ ಖಾಯಂ ಗಿರಾಕಿಯೊಬ್ಬ ಬರುವುದನ್ನು ನಿಲ್ಲಿಸಿದ. ಪುಢಾರಿಗಳ ಹುಟ್ಟುಹಬ್ಬಕ್ಕೆ ಹಾಡು ಮಾಡಿಸುತ್ತಿದ್ದವನು. ಫ್ಲೆಕ್ಸಿನ ಜೊತೆ ಹಾಡೂ ಇರಬೇಕಲ್ಲ ನಮ್ಮೂರಲ್ಲಿ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಮೊಬೈಲ್ ತೆಗೆದು, ಬರೆದದ್ದನ್ನು ಹಾಡು ಮಾಡಿಕೊಡುವ ಸುನೊ ಅನ್ನುವ ಕಡೆ ನಾಲ್ಕು ಸಾಲು ಬರೆದ. ‘ಬಡವರ ಬಂಧು, ಅಭಿವೃದ್ಧಿಯ ಹರಿಕಾರ, ತಮಟೆ ಇರಲಿ, ಗಂಡು ಧ್ವನಿ.’ ಚಹಾ ಆರುವುದರೊಳಗೆ ಎರಡು ಹಾಡು ಬಂದವು. ‘ಳ’ ಎಲ್ಲ ‘ಲ’ ಆಗಿತ್ತು. ತಮಟೆ ತಮಟೆಯಂತಿರಲಿಲ್ಲ, ಎಲ್ಲೋ ತಗಡು ಬಡಿದಂತಿತ್ತು. ‘ಯಾರ್ ಕೇಳ್ತಾರೆ ಬಿಡ್ರಿ ಅಣ್ಣಾರೆ’ ಅಂದ. ನಿಜ, ಯಾರೂ ಕೇಳುವುದಿಲ್ಲ. ಅಂಥ ಹಾಡನ್ನು ನಾನು ಮಾಡಿಕೊಟ್ಟಾಗಲೂ ಯಾರೂ ಕೇಳುತ್ತಿರಲಿಲ್ಲ. ಆದರೆ ನನ್ನ ಹತ್ತಿರ ಮಾಡಿಸಿದಾಗ ಒಬ್ಬ ಗಾಯಕ, ಒಬ್ಬ ರಿದಂ ಪ್ಯಾಡಿನವನು, ಎರಡು ಕೋರಸ್ ಹೆಣ್ಣುಮಕ್ಕಳು, ಇಷ್ಟು ಜನ ಆ ದಿನದ ಸಂತೆ ಮಾಡುತ್ತಿದ್ದರು.

ಸ್ಪಾಟಿಫೈಯಂತೆಯೇ ಹಾಡು ಕೇಳಿಸುವ, ಫ್ರಾನ್ಸಿನ ಡೀಜರ್ ಅನ್ನುವ ಸೇವೆ 2025ರ ಏಪ್ರಿಲಿನಲ್ಲಿ ಒಂದು ಲೆಕ್ಕ ಕೊಟ್ಟಿತು. ದಿನಕ್ಕೆ 20,000ಕ್ಕೂ ಹೆಚ್ಚು ಪೂರ್ತಿ ಯಂತ್ರ ಕಟ್ಟಿದ ಹಾಡು ತಮ್ಮಲ್ಲಿಗೆ ಬರುತ್ತಿವೆ, ಬರುವ ಹೊಸ ಹಾಡಿನಲ್ಲಿ ಅವು ಶೇ 18 ಅಂತ. ಅದೇ ವರ್ಷದ ಕೊನೆಗೆ ಆ ಸಂಖ್ಯೆ ಇನ್ನೂ ಏರಿತ್ತು. ಮೊದಲೇ ಹೇಳಿದ ಆ ಹುಂಡಿ ನೆನಪಿದೆಯಲ್ಲ? ಹುಂಡಿ ಒಂದೇ. ಪಾಲಿಗೆ ಬರುವ ಕೈಗಳು ಹೆಚ್ಚಾದವು, ಅದರಲ್ಲಿ ಹಲವು ಕೈಗಳಿಗೆ ಹೊಟ್ಟೆಯೇ ಇಲ್ಲ.

ಈ ಯಂತ್ರ ಕಲಿತದ್ದು ಎಲ್ಲಿ? ಮನುಷ್ಯರು ಹಾಡಿದ್ದನ್ನು ಕೇಳಿ. ಅದನ್ನೇ ಹಿಡಿದು ದೊಡ್ಡ ಸಂಗೀತ ಕಂಪನಿಗಳು 2024ರ ಜೂನಿನಲ್ಲಿ ಸುನೊ ಮೇಲೆ, ಅಂಥದ್ದೇ ಆದ ಯುಡಿಯೊ ಮೇಲೆ ಅಮೆರಿಕದಲ್ಲಿ ದಾವೆ ಹಾಕಿದವು. 2025ರ ಕೊನೆಯ ಹೊತ್ತಿಗೆ ಅವುಗಳಲ್ಲಿ ಯೂನಿವರ್ಸಲ್ ಯುಡಿಯೊ ಜೊತೆ, ವಾರ್ನರ್ ಎರಡರ ಜೊತೆಗೂ ಒಪ್ಪಂದ ಮಾಡಿಕೊಂಡವು. ದೊಡ್ಡವರು ದೊಡ್ಡವರ ಜೊತೆ ಕೂತು ಲೆಕ್ಕ ಬಗೆಹರಿಸಿಕೊಳ್ಳುತ್ತಾರೆ, ಅವರ ಹತ್ತಿರ ಪಟ್ಟಿ ಇದೆ: ಈ ಹಾಡು ನಮ್ಮದು, ಈ ದಿನಾಂಕ, ಈ ಸಂಖ್ಯೆ. ನಮ್ಮ ಹಟ್ಟಿಯ ಹಾಡು ಯಾವ ಪಟ್ಟಿಯಲ್ಲಿದೆ?

ಸತ್ತವರ ಧ್ವನಿಯ ವಿಚಾರವನ್ನೂ ಹೇಳಬೇಕು. ನಮ್ಮ ಕಂಪನಿ ನಾಟಕ ನೋಡಿದವರಿಗೆ ‘ವನ್ಸ್ ಮೋರ್’ ಗೊತ್ತು. ರಂಗದ ಮೇಲೆ ಬಾಣ ತಾಗಿ ಸತ್ತು ಬಿದ್ದವನು, ಪ್ರೇಕ್ಷಕರು ವನ್ಸ್ ಮೋರ್ ಅಂದರೆ ಎದ್ದು, ಕೈಮುಗಿದು, ಪದ ಹಾಡಿ, ಮತ್ತೆ ಮಲಗುತ್ತಿದ್ದ. ಸತ್ತವರು ಎದ್ದು ಹಾಡುವುದು ನಮಗೆ ಆಶ್ಚರ್ಯದ ಸಂಗತಿಯೇ ಅಲ್ಲ. ಆದರೆ ಅಲ್ಲಿ ಎದ್ದವನು ಅವನೇ, ಆ ರಾತ್ರಿಯ ಸಂಬಳವೂ ಅವನಿಗೇ. 2024ರಲ್ಲಿ ಎ.ಆರ್. ರೆಹಮಾನ್ ಒಂದು ತಮಿಳು ಸಿನಿಮಾ ಹಾಡಿಗೆ ತೀರಿಕೊಂಡಿದ್ದ ಬಂಬಾ ಬಾಕ್ಯ, ಶಾಹುಲ್ ಹಮೀದ್ ಇಬ್ಬರ ಧ್ವನಿಯನ್ನು ಯಂತ್ರದಿಂದ ಎಬ್ಬಿಸಿದರು. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮಾಡಿದ್ದೇವೆ ಅಂತ ತಾವೇ ಹೇಳಿದರು. ಅದೇ ಸುಮಾರಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಕೇಳದೆ ಬಳಸಿದರು ಅಂತ ಮಗ ಚರಣ್ ಒಂದು ತೆಲುಗು ಚಿತ್ರದವರಿಗೆ ನೋಟಿಸ್ ಕೊಟ್ಟರು. ಬದುಕಿರುವವರ ಪಾಡೂ ಇದೆ: 2024ರ ಜುಲೈಯಲ್ಲಿ ಅರಿಜಿತ್ ಸಿಂಗ್ ಬಾಂಬೆ ಹೈಕೋರ್ಟಿಗೆ ಹೋಗಿ, ತಮ್ಮ ಧ್ವನಿಯ ನಕಲು ಮಾಡುವ ತಂತ್ರಾಂಶಗಳ ವಿರುದ್ಧ ಮಧ್ಯಂತರ ಆದೇಶ ತಂದರು. ಅವರಿಗೆ ಹೆಸರಿತ್ತು, ವಕೀಲರಿದ್ದರು.

ಹೆಸರಿಲ್ಲದವರಿಗೆ ಕಾನೂನಿನಲ್ಲಿ ಏನಿದೆ ಅಂತ ಹುಡುಕಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ ಆಮೇಲೆ ‘ಪ್ರದರ್ಶಕರ ಹಕ್ಕು’ ಅಂತ ಸೇರಿಸಿದ್ದಾರೆ. ತಲೆತಲಾಂತರದ ಸೋಬಾನೆ ಹಾಡಿಗೆ ಒಡೆಯರಿಲ್ಲದಿರಬಹುದು. ಆದರೆ ಅದನ್ನು ಹಾಡಿದ ಆ ಸಲದ ಹಾಡಿಕೆಗೆ ಹಾಡಿದವರು ಒಡೆಯರು, ಐವತ್ತು ವರ್ಷದವರೆಗೆ. 2012ರ ತಿದ್ದುಪಡಿಯಲ್ಲಿ ಆ ಹಕ್ಕು ಇನ್ನೂ ಗಟ್ಟಿಯಾಯಿತು. ಪ್ರದರ್ಶಕ ಅಂದರೆ ಯಾರು ಅಂತ ಕಾಯ್ದೆ ಪಟ್ಟಿ ಕೊಡುತ್ತದೆ: ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವನು, ಹಾವಾಡಿಗ, ಉಪನ್ಯಾಸ ಕೊಡುವವನು. ಹಾವಾಡಿಗನ ಪಕ್ಕದಲ್ಲೇ ನನಗೂ ಜಾಗ ಕೊಟ್ಟಿದ್ದಾರೆ. ಓದಿ ಬಹಳ ಖುಷಿಯಾಯಿತು.

ಹಾಗಾದರೆ ಯಂತ್ರ ಎಲ್ಲವನ್ನೂ ನುಂಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ನಮ್ಮ ಮದುವೆಗಳನ್ನು ನೋಡಿ. ಊಟದ ಹೊತ್ತಿನ ಹಾಡು ಪೆನ್‌ಡ್ರೈವಿಗೆ ಹೋಯಿತು. ಆರ್ಕೆಸ್ಟ್ರಾದಲ್ಲಿ ಎಂಟು ಜನ ಇದ್ದದ್ದು ಇಬ್ಬರಾದರು, ಉಳಿದದ್ದು ಕರೋಕೆ. ಆದರೆ ಓಲಗದವರನ್ನು ಇನ್ನೂ ಕರೆಯುತ್ತಾರೆ. ಯಾಕೆ? ತಾಳಿ ಕಟ್ಟುವ ಗಳಿಗೆ ಯಾವಾಗ ಬರುತ್ತದೆ ಅಂತ ಅಯ್ಯನೋರಿಗೂ ಗೊತ್ತಿರುವುದಿಲ್ಲ. ಹುಡುಗನ ಮಾವ ಇನ್ನೂ ಪಾರ್ಕಿಂಗಿನಲ್ಲಿರುತ್ತಾರೆ, ಅಕ್ಷತೆ ಹಂಚುವವನು ಎಲ್ಲೋ ಹೋಗಿರುತ್ತಾನೆ. ‘ಗಟ್ಟಿಮೇಳ ಗಟ್ಟಿಮೇಳ’ ಅಂದ ಕ್ಷಣಕ್ಕೆ ಕಣ್ಣಿಟ್ಟು ಕಾದಿದ್ದು ಡೋಲಿಗೆ ಕೋಲು ಹಾಕುವವನು ಬೇಕು. ಒಂದು ಮದುವೆಯಲ್ಲಿ ಮೊಬೈಲಿನಿಂದ ಗಟ್ಟಿಮೇಳ ಹಾಕಲು ಹೋಗಿ, ನಡುವೆ ಸಾಬೂನಿನ ಜಾಹೀರಾತು ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕ್ಷಣ ನೋಡಿ ನುಡಿಸುವ ಸಂಗೀತಕ್ಕೆ ಕೆಲಸ ಉಳಿಯುತ್ತದೆ, ಬಹುಶಃ ಬೆಲೆಯೂ ಏರುತ್ತದೆ. ಯಂತ್ರದ ಹಾಡು ಪುಕ್ಕಟೆ ಆದಷ್ಟೂ ಜನ ಎದುರಿಗೆ ಕೂತು ಕೇಳುವುದಕ್ಕೆ ದುಡ್ಡು ಕೊಡುತ್ತಾರೆ ಅನ್ನುವುದು ನನ್ನ ಎಣಿಕೆ. ಸೋಲುವುದು ಎಲ್ಲೋ ರೆಕಾರ್ಡಾಗಿ, ಹೆಸರೂ ಇಲ್ಲದೆ ಬಿದ್ದಿರುವ ಹಾಡು. ಅದು ಯಂತ್ರಕ್ಕೆ ಹುಲ್ಲುಗಾವಲು.

ನಾನು ಕ್ಯಾಸೆಟ್ ಮಾಡಿದ ಹಟ್ಟಿಯ ಅಜ್ಜಿಯ ಹಾಡಿಗೆ ಆದದ್ದೇ ಅದು. ನಾಲ್ಕೈದು ವರ್ಷದ ಹಿಂದೆ ಚಿತ್ರದುರ್ಗದಲ್ಲಿ ಗಣಪತಿ ಬಿಡುವ ಮೆರವಣಿಗೆ. ಲಾರಿಯ ಮೇಲೆ ಡಿಜೆ, ಎದೆಗೂಡು ನಡುಗುವಷ್ಟು ಸದ್ದು. ಡಬಡಬದ ನಡುವೆ ಒಂದು ಹೆಣ್ಣುದನಿ ಎರಡೇ ಸಾಲು ಬಂದು ಹೋಯಿತು. ಎಲ್ಲೋ ಕೇಳಿದ್ದೇನೆ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬಂತು, ಈ ಸಲ ಹಿಂದೆ ನಾಯಿ ಬೊಗಳಿತು. ನನ್ನ ನಾಯಿ! ನಾನು ಕೈ ಮಾಡಿದರೂ ಸುಮ್ಮನಾಗದ ನಾಯಿ. ಡಿಜೆ ಹುಡುಗನನ್ನು ಆಮೇಲೆ ಹಿಡಿದು ಕೇಳಿದರೆ, ‘ಯೂಟ್ಯೂಬಲ್ಲಿ ಸಿಗ್ತು ಸಾರ್, ಹಳೇ ಜಾನಪದ, ಯಾರ್ದೂ ಅಲ್ಲ’ ಅಂದ. ಈಗ ಹಾಡಿನಿಂದ ಧ್ವನಿ ಒಂದನ್ನೇ ಸೋಸಿ ತೆಗೆಯುವ ತಂತ್ರಾಂಶ ಎಲ್ಲರ ಹತ್ತಿರ ಇದೆ. ಬೀಟಲ್ಸಿನವರು ಜಾನ್ ಲೆನನ್ನನ ಹಳೇ ಕ್ಯಾಸೆಟ್ಟಿನಿಂದ ಹಾಗೆ ಧ್ವನಿ ಸೋಸಿ 2023ರಲ್ಲಿ ಹೊಸ ಹಾಡು ತಂದರು, ಅದಕ್ಕೆ ಗ್ರ್ಯಾಮಿಯೂ ಬಂತು. ಈ ಹುಡುಗನಿಗೆ ನಾಯಿ ಸೋಸುವುದಷ್ಟು ಬಂದಿರಲಿಲ್ಲ. ಯಾರದೂ ಅಲ್ಲ ಅಂದನಲ್ಲ, ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಹೊದಿಕೆಯ ಮೇಲೆ ಹಾಗಂತ ಅಚ್ಚು ಹಾಕಿಸಿದ್ದವನು ನಾನೇ.

ಹೋದ ಬೇಸಿಗೆಯಲ್ಲಿ ಆ ಹಟ್ಟಿಗೆ ಹೋಗಿದ್ದೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ. ಮೊಮ್ಮಗಳಿದ್ದಾರೆ, ಅಂಗನವಾಡಿಯಲ್ಲಿ ಕೆಲಸ. ಅಜ್ಜಿಯ ಹೆಸರು ಕೇಳಿದೆ, ಹೇಳಿದರು. ಪೂರ್ತಿ ಹೆಸರು, ಹಟ್ಟಿ, ಹಾಡಿದ ವರ್ಷ ಎಲ್ಲ ಬರೆದುಕೊಂಡೆ. ಅವರ ಮನೆಯಲ್ಲಿ ಅಜ್ಜಿಯ ಒಂದು ಫೋಟೊ ಕೂಡ ಇಲ್ಲ, ಧ್ವನಿ ಇದೆ ಅಂತ ಗೊತ್ತೇ ಇರಲಿಲ್ಲ. ಮೊಬೈಲಿನಲ್ಲಿ ಕೇಳಿಸಿದೆ. ಹಾಡಿಗೆಲ್ಲ ಸುಮ್ಮನೆ ಕೂತಿದ್ದವರು ಕೊನೆಯಲ್ಲಿ ‘ಕುರಿ ಬಂದ್ವು’ ಅಂದದ್ದಕ್ಕೆ ಸೆರಗು ಬಾಯಿಗೆ ಹಿಡಿದರು.

ಇದನ್ನು ಅಜ್ಜಿಯ ಹೆಸರಿನಲ್ಲಿ ನೋಂದಾಯಿಸಿ, ಬಂದ ದುಡ್ಡು ನಿಮಗೇ ಬರುವಂತೆ ಮಾಡೋಣ ಅಂತ ಹೇಳಿದೆ. ಎಷ್ಟು ಬರುತ್ತದೆ ಅಂತ ಕೇಳಿದರು. 1,000 ಸಲದ ನಿಯಮ ಹೇಳಿದೆ. ನಕ್ಕರು. ‘ಅಣ್ಣ, ತಮ್ಮಂದ್ರು ಬೆಂಗ್ಳೂರಲ್ಲವ್ರೆ, ಎಲ್ರೂನೂ ಒಂದ್ಮಾತು ಕೇಳ್ತೀನಿ, ಅಲ್ಲೀಗಂಟ ಎಲ್ಲೂ ಹಾಕ್ಬೇಡಿ’ ಅಂದರು. ಹೂಂ ಅಂದು ಬಂದಿದ್ದೇನೆ.

ಸಂಘಟಕರು ಭಾಷಣದ ಕೊನೆಗೆ ಆ ಹಾಡು ಕೇಳಿಸಿ, ಪರಿಣಾಮ ಚೆನ್ನಾಗಿರುತ್ತದೆ ಅಂತ ಬೆಳಿಗ್ಗೆಯಿಂದ ಹೇಳುತ್ತಿದ್ದಾರೆ. ಕ್ಯಾಸೆಟ್ ನನ್ನ ಜೇಬಿನಲ್ಲೇ ಇದೆ, ನೋಡಿ. ಹಾಕುವುದಿಲ್ಲ. ಹೆಸರನ್ನೂ ಈ ಮೈಕಿನಲ್ಲಿ ಹೇಳುವುದಿಲ್ಲ, ಅವರ ಮನೆಯಿಂದ ಇನ್ನೂ ಫೋನ್ ಬಂದಿಲ್ಲ. ಈಗ ಗಣೆಯವರು ಊದುತ್ತಾರೆ. ಊದುವ ಮೊದಲು ಅವರ ಹೆಸರು, ಊರು ಅವರೇ ಹೇಳಲಿ. ರೆಕಾರ್ಡ್ ಮಾಡುವವರು ಅಲ್ಲಿಂದಲೇ ಒತ್ತಿಕೊಳ್ಳಿ. ಪ್ರಶ್ನೆ ಇದ್ದವರು ಊಟಕ್ಕೆ ಕೂತಾಗ ನನ್ನ ಪಕ್ಕದ ಎಲೆಗೆ ಬನ್ನಿ.